ಹೊಟ್ಟೆ ನೋಯ್ತಿದೆ ಅಂತ ಹುಡುಕಿದರೆ

ಆ ದುಭಾಷಿ ಹೆಂಗಸಿಗೆ ನೆಗಡಿ ಆಗಿದೆ, ಮ ಅನ್ನಬೇಕಾದಲ್ಲಿ ಬ ಕೇಳಿಸುತ್ತದೆ, ನಮಸ್ಕಾರ ಅಂದದ್ದು ನಬಸ್ಕಾರ ಆಯಿತು, ಇನ್ನು ಸಭೆ ಮುಗಿಯುವವರೆಗೂ ಇದೇ ತನ್ನ ಮಗಳ ದನಿ — ಮೂಗು ಕಟ್ಟಿದ ದನಿ — ಎಂದುಕೊಳ್ಳುತ್ತ ಅವಳು ಅಧ್ಯಕ್ಷೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು, ಒಂದು ಲೋಟ ಬಿಸಿನೀರು ತರಿಸಲೇ ಅಂತ ದುಭಾಷಿಯನ್ನು ಕೇಳೋಣವೆನಿಸಿತು, ಕೇಳಲಿಲ್ಲ, ಕೇಳಿದರೆ ಆಕೆಯ ಗಂಟಲಿನ ಮೇಲೇ ತನ್ನ ಗಮನ ಅಂತ ಮಗಳಿಗೆ ಗೊತ್ತಾಗಿಬಿಡುತ್ತದೆ, ಮಗಳಿಗೆ ಕಿವಿ ಕೇಳಿಸದಿರಬಹುದು, ಆದರೆ ಕಣ್ಣು ಹದ್ದಿನ ಕಣ್ಣು, ಈ ಕಡೆ ಹುಬ್ಬು ಅಲುಗಿದರೆ ಆ ಕಡೆ ಅರ್ಥವಾಗಿರುತ್ತದೆ. ಇಷ್ಟು ವರ್ಷ ಮಗಳ ಕೈ ಆಡಿದ್ದನ್ನು ಆಡಿದ್ದು ತನ್ನ ಈ ಬಾಯಿ, ಡಾಕ್ಟರ ಮುಂದೆ, ಮೇಷ್ಟರ ಮುಂದೆ, ಚಪ್ಪಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮತ್ತು ಅದೇನು ಹಾದಿಬೀದಿಯ ಬಾಯಲ್ಲ, ಟೆಲಿಫೋನ್ ಕಚೇರಿಯಲ್ಲಿ ಊರಿಗೆ ಊರೇ ಕೇಳಿಸಿಕೊಂಡ ದನಿ, ನಿಮ್ಮ ದನಿ ಕೇಳೋಕೇ ಫೋನ್ ಮಾಡಿದೆ ಅಂದವರೂ ಇದ್ದರು, ಅಂಥ ದನಿಯನ್ನು ಬದಿಗಿಟ್ಟು ಈ ನೆಗಡಿ — ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಮಗಳು ಕನ್ನಡಿಯೊಳಗೆ ಬಂದು ನಿಂತು, ಕನ್ನಡಿಯಲ್ಲೇ ಕೈ ಆಡಿಸಿ ಹೇಳಿದ್ದಳು, ಇವತ್ತು ನೀನು ನನ್ನ ಬಾಯಿ ಅಲ್ಲ ಅಮ್ಮ, ನೀನು ಅಧ್ಯಕ್ಷೆ, ನನ್ನ ಮಾತು ಹೇಳೋಕೆ ದುಭಾಷಿ ಬರ್ತಾರೆ, ನಾನೇ ಕರೆಸಿದೀನಿ, ಬಾಚಣಿಗೆ ಕೂದಲಲ್ಲೇ ನಿಂತುಬಿಟ್ಟಿತು, ಯಾಕೆ ನನ್ನ ಬಾಯಿಗೇನಾಗಿದೆ ಅಂತ ಕೇಳಿದರೆ, ಏನೂ ಆಗಿಲ್ಲ, ಅದು ನಿನ್ನದು ಅಷ್ಟೆ, ಅಂದಳು. ನಿನ್ನದು ಅನ್ನುವಾಗ ಪಕ್ಕದಲ್ಲಿದ್ದ ಬೆರಳೂ ಕನ್ನಡಿಯೊಳಗಿನ ಬೆರಳೂ ಎರಡು ಕಡೆಯಿಂದ ತನ್ನನ್ನೇ ತೋರಿಸಿದವು. ಆಗ ಕೆನ್ನೆಗೆ ಹೊಡೆದ ಹಾಗಾಗಿತ್ತು. ಈಗ ಹಾಗಿಲ್ಲ, ಈಗ ಸ್ವಲ್ಪ ತುರಿಸುತ್ತಿದೆ ಅಷ್ಟೆ. ಕೆಳಗಿನ ಸೈಕಲ್ ಅಂಗಡಿಯಿಂದ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಕುರ್ಚಿಗಳೆಲ್ಲ ಲಾಳದ ಆಕಾರದಲ್ಲಿ, ಒಬ್ಬರ ಕೈ ಇನ್ನೊಬ್ಬರಿಗೆ ಮರೆಯಾಗದ ಹಾಗೆ, ಕಿಟಕಿಗೆ ಬೆನ್ನು ಹಾಕಿ ಇಲ್ಲಿ ಯಾರೂ ಕೂರುವಂತಿಲ್ಲ, ಬೆಳಕು ಬೆನ್ನಿಗೆ ಬಿದ್ದರೆ ಮುಖ ಕತ್ತಲು, ಮುಖ ಕತ್ತಲಾದರೆ ಮಾತೂ ಕತ್ತಲು, ಅದು ತಿಳಿಯದೆ, ಹುಡುಕುವ ಯಂತ್ರ ಕೊಡುತ್ತೇನೆಂದು ಬಂದ ದೊಡ್ಡ ಕಂಪನಿಯ ಮನುಷ್ಯ ಕಿಟಕಿಯ ಮುಂದೆಯೇ ಕೂತಿದ್ದ, ಸನ್ನೆ ಮಾತಿನ ಸಂಘದ ಸದಸ್ಯ ಬಡಗಿ ಎದ್ದು ಹೋಗಿ ಕುರ್ಚಿಯನ್ನು ಅವನ ಸಮೇತ ಎತ್ತಿ ತಿರುಗಿಸಿಟ್ಟ, ಪಾಪ, ಆತ ನಗುತ್ತಲೇ ತಿರುಗಿದ, ಒಳ್ಳೆಯವನ ಹಾಗೆ ಕಾಣುತ್ತಾನೆ.

ಒಳ್ಳೆಯವನೇ, ಮತ್ತೆ ಪುಕ್ಕಟೆ ಕೊಡುತ್ತೇನೆ ಅನ್ನುವವನು ಕೆಟ್ಟವನು ಹೇಗಾದಾನು, ಬೆಳಿಗ್ಗೆ ಅದೇ ಮಾತು ಮಗಳಿಗೆ ಹೇಳಿದ್ದಳು, ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಕಣೆ, ಮಗಳು ತಟ್ಟನೆ, ಹಸು ಮನೆ ಮಾತು ಆಚೆ ಹೇಳಲ್ಲ, ಅಂದಿದ್ದಳು, ಹಸು ಅನ್ನಲು ತಲೆಯ ಪಕ್ಕ ಎತ್ತಿದ ಕೋಡಿನ ಬೆರಳುಗಳನ್ನು ಇಳಿಸದೆಯೇ ಅಡುಗೆಮನೆಗೆ ನಡೆದುಬಿಟ್ಟಿದ್ದಳು, ಆ ಅಡುಗೆಮನೆಯಲ್ಲೇ ಅಲ್ಲವೇ ಇದೆಲ್ಲ ಶುರುವಾದದ್ದು, ಗಂಡನ ಹಳೇ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮಗಳ ಕೈಯನ್ನು ಅದರ ಮುಂದೆ ನಿಲ್ಲಿಸಿ, ನೀರು, ಉಪ್ಪು, ಸಾಕು, ಬೇಡ, ಇನ್ನೂ ಸ್ವಲ್ಪ, ಚಿಕ್ಕಮ್ಮಂದಿರೂ ಅತ್ತಿಗೆಯರೂ ಮನೆಗೆ ಬಂದಾಗ ಮಗುವಿನ ಜೊತೆ ಗೋಡೆ ನೋಡುತ್ತ ಕೂರಬಾರದು ಅಂತ ಒಂದೊಂದೇ ಸನ್ನೆಯ ವಿಡಿಯೋ ಮಾಡಿ ಅವರಿಗೆ ಕಳಿಸಿದ್ದು. ಆ ವಿಡಿಯೋಗಳು ಒಬ್ಬರಿಂದ ಒಬ್ಬರಿಗೆ ಹೋಗಿ, ಯಾರೋ ಗುರುತಿಲ್ಲದ ತಾಯಿ ಇನ್ನಷ್ಟು ಕಳಿಸಿ ಅಂತ ಬರೆದು, ಸಂಘವಾಗಿ, ವೆಬ್‌ಸೈಟಾಗಿ, ಈಗ ಸನ್ನೆಕೋಶ ಅಂದರೆ ಸಾವಿರಾರು ಶಬ್ದ, ಯಾವ ಶಬ್ದ ಬೇಕಾದರೂ ಒತ್ತಿ, ಒಬ್ಬ ಮನುಷ್ಯ ಎದುರು ನಿಂತು ಅದನ್ನು ಕೈಯಲ್ಲಿ ಮಾಡಿ ತೋರಿಸುತ್ತಾನೆ, ಬಡಗಿ ಮಾಡಿದ್ದಿದೆ, ಸಂಘದಲ್ಲಿ ಸನ್ನೆ ಪಾಠ ಹೇಳುವವರು ಮಾಡಿದ್ದಿದೆ, ಹೆಚ್ಚಿನದು ಮಗಳೇ, ಮಗಳು ಅದರ ಸಂಪಾದಕಿ — ಸಂಪಾದಕಿ, ಎಷ್ಟು ಸಲ ಒಳಗೊಳಗೇ ಹೇಳಿಕೊಂಡರೂ ನಾಲಿಗೆಗೆ ರುಚಿ ಹೋಗದ ಪದ. ತೊಂದರೆ ಇರುವುದು ಹುಡುಕುವಲ್ಲಿ. ಶಬ್ದ ಇಷ್ಟಾದ ಮೇಲೆ ಹುಡುಕದೆ ಸಿಗುವುದಿಲ್ಲ, ಈಗಿರುವ ಹುಡುಕು ಪೆಟ್ಟಿಗೆ ಬಿಟ್ಟಿಯದು, ಅದರಲ್ಲಿ ನೋವು ಅಂತ ಬರೆದರೆ ಮೇಲುಗಡೆ ಮುಲಾಮಿನ ಜಾಹೀರಾತು, ಅದರ ಕೆಳಗೆ ಕಿವಿಗೆ ಹಾಕುವ ಯಂತ್ರದ ಜಾಹೀರಾತು, ಅದರ ಕೆಳಗೆಲ್ಲೋ ಮಗಳ ಕೈ, ಮತ್ತೆ ನೋಯ್ತಿದೆ ಅಂತ ಬರೆದರೆ ಏನೂ ಇಲ್ಲ, ಅದಕ್ಕೆ ನೋವು ಗೊತ್ತು, ನೋಯುವುದು ಗೊತ್ತಿಲ್ಲ. ಹೊಟ್ಟೆ ಹಿಡಿದುಕೊಂಡ ಮಗುವನ್ನು ಎತ್ತಿಕೊಂಡು ಬಂದವರು ವ್ಯಾಕರಣ ನೋಡಿಕೊಂಡು ಬರೆಯುತ್ತಾರೆಯೇ, ಆಸ್ಪತ್ರೆಯ ಮೇಲ್ವಿಚಾರಕಿ ಕೇಳಿದ್ದು ಇದನ್ನೇ, ನಮ್ಮ ಎಲ್ಲ ವಾರ್ಡಿನಲ್ಲೂ ನಿಮ್ಮ ಸನ್ನೆಕೋಶ ಹಾಕಿಸ್ತೀನಿ ಕಣ್ರೀ, ಆದರೆ ಆ ಜಾಹೀರಾತು ಹೋಗಬೇಕು, ಗಾಬರೀಲಿ ಹೇಗೆ ಬರೆದರೂ ಸಿಗಬೇಕು, ಆಗುತ್ತೋ ಇಲ್ಲವೋ ಇವತ್ತು ಸಾಯಂಕಾಲದೊಳಗೆ ಹೇಳಿಬಿಡಿ, ಇಲ್ಲಾಂದ್ರೆ ನಾನು ಗೋಡೆಗೆ ಅಂಟಿಸೋ ಚಿತ್ರಗಳನ್ನೇ ತರಿಸ್ತೀನಿ. ಹುಡುಕುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ, ಚಂದಾ ಕಟ್ಟಿದರೆ ನಮ್ಮ ಪೆಟ್ಟಿಗೆಯ ಹಿಂದೆ ಅವರ ಯಂತ್ರ ಕೂತು ಹುಡುಕಿಕೊಡುತ್ತದೆ ಅಂತ ಪತ್ತೆ ಮಾಡಿದವಳು ಮಗಳೇ, ಪರೀಕ್ಷೆಗೆ ಅಂತ ಎರಡು ಕಂಪನಿಯದನ್ನು ತರಿಸಿ ಜೋಡಿಸಿಟ್ಟಿದ್ದಾಳೆ, ಒಂದು ದೊಡ್ಡದು, ಹೆಸರುವಾಸಿ, ಸಂಘದ ಕೆಲಸ ಅಂತ ಒಂದು ವರ್ಷ ಚಂದಾ ಬೇಡ ಅನ್ನುತ್ತದೆ, ಇನ್ನೊಂದು ಯಾರೂ ಹೆಸರು ಕೇಳದ ಸಣ್ಣದು, ಮೊದಲ ತಿಂಗಳಿಂದಲೇ ಚಂದಾ ಕಟ್ಟಬೇಕು, ಸಂಘದ ಖಜಾಂಚಿ ಯಜಮಾನರಿಗೆ ಅಲ್ಲೇ ಹೊಟ್ಟೆ ಹಿಡಿದುಕೊಂಡಿದೆ.

ಹುಡುಕುವುದು ಅಂದರೆ ಏನು ಅಂತ ಈ ಕೋಣೆಯಲ್ಲಿ ತನಗಿಂತ ಚೆನ್ನಾಗಿ ಬಲ್ಲವರು ಯಾರು, ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗ, ಕಿವಿಗೆ ಕರಿ ತಟ್ಟೆ, ಬಾಯಿಯ ಮುಂದೆ ಕೊಳವೆ, ಎದುರಿಗೆ ದಿಂಬಿನಷ್ಟು ದಪ್ಪದ ಡೈರೆಕ್ಟರಿ, ಜನ ಹೆಸರು ಹೇಳಿ ನಂಬರು ಕೇಳುತ್ತಾರೆ ಅಂತ ಅಧಿಕಾರಿಗಳು ಅಂದುಕೊಂಡಿದ್ದರು, ಜನ ಎಲ್ಲಿ ಹೆಸರು ಹೇಳಿದರು, ಅದೇ ಕಣಮ್ಮ, ಸೇತುವೆ ಪಕ್ಕ ಹಲ್ಲು ಕೀಳ್ತಾನಲ್ಲ, ಬೋಳು ತಲೆ, ಅವನದು ಕೊಡು, ಅಂತ ಒಬ್ಬರು, ನನ್ನ ತಂಗಿ ಗಂಡನ ಆಫೀಸು, ಅಲ್ಲಿ ಒಬ್ಬ ಬಿಕ್ಕಳಿಸ್ತಾ ಮಾತಾಡ್ತಾನೆ, ಅದು ಯಾವ ಆಫೀಸು ಅಂತ ಇನ್ನೊಬ್ಬರು, ಒಬ್ಬಾಕೆ ಅಳುತ್ತ ಬೆಂಕಿ ಬೆಂಕಿ ಅಂದಳು, ಅಷ್ಟೆ, ಅಗ್ನಿಶಾಮಕ ಅನ್ನುವ ಪದ ಉರಿಯುವ ಮನೆಯ ಮುಂದೆ ನಿಂತವರ ಬಾಯಲ್ಲಿ ಬರುವುದಿಲ್ಲ, ಡೈರೆಕ್ಟರಿಯಲ್ಲಿ ಅ ಅಕ್ಷರಕ್ಕೆ ಹೋಗಬೇಕು ಅಂತ ಗೊತ್ತಿರಬೇಕಾದದ್ದು ಇತ್ತ ಕಡೆಯವಳಿಗೆ, ಹುಡುಕಿಕೊಡುವವಳಿಗೆ, ಬೆಂಕಿ ಅಂದರೆ ಅಗ್ನಿ, ಹಲ್ಲು ಅಂದರೆ ದಂತ, ಅವರು ತಂದದ್ದೇ ಮಾತು, ಅದನ್ನು ಪುಸ್ತಕದ ಮಾತಿಗೆ ಗಂಟು ಹಾಕುವುದೇ ಕೆಲಸ, ಎಂಥ ಗಂಟು ಹಾಕುತ್ತಿದ್ದೆ ನಾನು, ಪಕ್ಕದವಳು ಎಷ್ಟೋ ಸಲ ತನಗೆ ಬಂದ ಕರೆಯನ್ನು ಇತ್ತ ದಾಟಿಸುತ್ತಿದ್ದಳು, ಅಕ್ಕ, ಇದು ನಿಮ್ಮ ಕೈಲೇ ಆಗಬೇಕು, ಇವರು ಏನು ಕೇಳ್ತಿದಾರೆ ಅಂತ ಇವರಿಗೇ ಗೊತ್ತಿಲ್ಲ. ಅಲ್ಲಿ ಮಾತೇ ಮಾತು, ಇಡೀ ದಿನ ಕಿವಿಯಲ್ಲಿ ಊರು, ಸಂಜೆ ಮನೆಗೆ ಬಂದು ಕಿವಿಯ ತಟ್ಟೆಯ ಗುರುತು ಇನ್ನೂ ಕೆಂಪಗಿರುವಾಗಲೇ ಬಾಗಿಲಲ್ಲಿ ಆ ಪುಟ್ಟ ಕೈಗಳು, ಬಂದೆಯಾ, ಏನು ತಂದೆ, ತಡ ಯಾಕೆ — ಒಂದು ಸದ್ದಿಲ್ಲ, ಆದರೆ ಅಷ್ಟೊತ್ತು ಕೇಳಿದ ಎಲ್ಲರಿಗಿಂತ ಸ್ಪಷ್ಟ, ತಪ್ಪು ನಂಬರೇ ಇಲ್ಲದ ಮಾತು.

ನಾನು ಸನ್ನೆಕೋಶದ ಸಂಪಾದಕಿ, ಎಂದಿತು ಮೂಗು ಕಟ್ಟಿದ ದನಿ, ನಾನು ಅನ್ನುತ್ತಿದ್ದಾಳಲ್ಲ ಈ ಹೆಂಗಸು, ತಾನಾಗಿದ್ದರೆ ನನ್ನ ಮಗಳು ಹೇಳ್ತಾಳೆ, ಇವಳು ಹೀಗೆ ಅಂತಿದಾಳೆ, ಅನ್ನುತ್ತಿದ್ದಳು, ಈಕೆ ನಡುವೆ ತಾನೇ ಇಲ್ಲದ ಹಾಗೆ ನಾನು ಅಂದುಬಿಟ್ಟಳು, ಮತ್ತು ಎಲ್ಲರೂ ನೋಡಿದ್ದು ಈಕೆಯನ್ನಲ್ಲ, ಮಗಳನ್ನು, ಗೋಡೆಯ ಪರದೆಯ ಪಕ್ಕ ಕಪ್ಪು ಅಂಗಿ ತೊಟ್ಟು ನಿಂತವಳನ್ನು, ಕೈ ಚೆನ್ನಾಗಿ ಕಾಣಲಿ ಅಂತ ವಿಡಿಯೋಗೆ ಹಾಕಿಕೊಳ್ಳುವ ಅದೇ ಅಂಗಿ. ನಿಮಗೆ ಭಾಷಣ ಬೇಡ, ಒಂದೇ ಮಾತನ್ನ ಮೂರು ಪೆಟ್ಟಿಗೇಲೂ ಹುಡುಕ್ತೀನಿ, ನೀವೇ ನೋಡಿ, ಎಂದಿತು ದನಿ, ಮಗಳು ಕೀಲಿಮಣೆಗೆ ಬಾಗಿ ಬರೆದಳು, ಪರದೆಯ ಮೇಲೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬಂದವು, ಹೊಟ್ಟೆನೋಯ್ತಿದೆ, ನಡುವೆ ಜಾಗವೂ ಬಿಟ್ಟಿರಲಿಲ್ಲ, ಗಾಬರಿಯ ಕೈ ಹಾಗೇ ಬರೆಯುತ್ತದೆ. ಬಿಟ್ಟಿ ಪೆಟ್ಟಿಗೆಯಲ್ಲಿ ಜೀರ್ಣದ ಪುಡಿ, ಮುಲಾಮು, ರಜೆಗೆ ಸಮುದ್ರತೀರದ ಹೋಟೆಲು — ಹೋಟೆಲು ಯಾಕೆ ಬಂತೋ, ಬಡಗಿಯ ಭುಜಗಳು ನಗುತ್ತ ಕುಣಿದವು. ದೊಡ್ಡ ಕಂಪನಿಯದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ತುಂಬ ವಿಡಿಯೋ, ಎಷ್ಟು ಚಂದದ ಜೋಡಣೆ, ಆದರೆ ಮೊಟ್ಟಮೊದಲು ಹೊಟ್ಟೆಕಿಚ್ಚು, ಅದರ ಕೆಳಗೆ ಹೊಟ್ಟೆಬಾಕ, ಆಮೇಲೆ ಹೊಟ್ಟೆ ನೋವು, ಯಾಕೆ ಹೀಗೆ ಅಂತ ಮಗಳ ಕೈ ಕೇಳಿತು, ಕಂಪನಿಯ ಮನುಷ್ಯ ದುಭಾಷಿಯತ್ತ ತಿರುಗಿ, ಜನ ಯಾವುದನ್ನ ಹೆಚ್ಚು ನೋಡಿರ್ತಾರೋ ಅದು ಮೇಲೆ ಬರುತ್ತೆ ಅಂತ ಅವರಿಗೆ ಹೇಳಿ ಮೇಡಂ, ಅಂದ, ನನ್ನನ್ನ ನೋಡಿ ಹೇಳಿ, ನಾನು ಇಲ್ಲಿದೀನಿ, ಎಂದಿತು ದನಿ, ಕ್ಷಮಿಸಿ ಅಂತ ಆತ ಮಗಳತ್ತ ತಿರುಗಿದ, ಎಷ್ಟು ಖಾರ, ಮಗಳ ಮಾತು ಇಷ್ಟು ಖಾರವೇ, ತಾನಾಗಿದ್ದರೆ ಸ್ವಲ್ಪ ಈ ಕಡೆ ನೋಡಿ ಹೇಳ್ತೀರಾ ಸರ್, ತಪ್ಪು ತಿಳೀಬೇಡಿ, ಅನ್ನುತ್ತಿದ್ದಳು, ಮಗಳ ಮಾತನ್ನು ದಾಟಿಸುವಾಗ ತುಸು ನೀರಲ್ಲಿ ಅದ್ದಿ ತೊಳೆದು ದಾಟಿಸುತ್ತಿದ್ದಳು, ಮಕ್ಕಳ ತುತ್ತಿನ ಖಾರ ತೊಳೆದ ಹಾಗೆ, ಆದರೆ ಇಲ್ಲಿ ತಿನ್ನುವವನು ಮಗುವಲ್ಲ, ಕೊಟ್ಟವಳೂ ಮಗುವಲ್ಲ, ಆತ ಕೆಮ್ಮಲೂ ಇಲ್ಲ, ನುಂಗಿಕೊಂಡ. ಜನ ಹೊಟ್ಟೆಕಿಚ್ಚನ್ನು ಅಷ್ಟು ನೋಡಿರುವುದು ಯಾಕೆ ಅಂತಲೂ ಅವಳಿಗೆ ಗೊತ್ತು, ಆ ವಿಡಿಯೋದಲ್ಲಿ ಮಗಳು ತುಟಿ ಓರೆ ಮಾಡಿ, ಮೂಗು ಅರಳಿಸಿ, ಪಕ್ಕದ ಮನೆಯ ಹೊಸ ಕುರ್ಚಿ ನೋಡುವವಳ ಹಾಗೆ ಮುಖ ಮಾಡಿದ್ದಾಳೆ, ನೋಡಿ ನೋಡಿ ನಕ್ಕು ಜನ ಇನ್ನೊಬ್ಬರಿಗೆ ಕಳಿಸುತ್ತಾರೆ, ತಾನೂ ಬಿಡುವಿದ್ದಾಗ ಅದನ್ನೇ ನೋಡುತ್ತಾಳೆ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಲಿ, ಆ ಹೆಗ್ಗಣ ಈಗ ಪರದೆಯ ಮುಂದೆ ನಿಂತು ಮೂರನೆಯದಕ್ಕೆ ಕೈ ಹಾಕಿತು. ಸಣ್ಣ ಕಂಪನಿಯದು ಸ್ವಲ್ಪ ತಡವರಿಸಿತು, ಖಜಾಂಚಿಯವರು ಆಗಲೇ ಹಾಂ ಅಂತ ಬಾಯಿ ತೆರೆದರು, ಅಷ್ಟರಲ್ಲಿ ಒಂದೇ ಒಂದು ವಿಡಿಯೋ ಬಂತು, ಹೊಟ್ಟೆ ನೋವು, ಅದರ ಕೆಳಗೆ ಸಣ್ಣದಾಗಿ, ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ವಾಂತಿ ಆಯಿತೇ, ವೈದ್ಯರು ಕೇಳುವ ಪ್ರಶ್ನೆಗಳ ಸನ್ನೆ. ಇದು ಅದಕ್ಕೆ ತಾನಾಗೇ ಬಂದಿದ್ದಲ್ಲ, ನಾವು ಕಲಿಸಿದ್ದು, ಎಂದಿತು ದನಿ, ನೋಯ್ತಿದೆ, ನೋಯುತ್ತೆ, ನೋವಾಗ್ತಿದೆ ಎಲ್ಲ ಒಂದೇ ಮನೆಯವು ಅಂತ ಕಲಿಸಬಹುದು, ಕಾಲು ಅಂದರೆ ನಡೆಯೋ ಕಾಲು, ಕಾಲು ಕೆಜಿ ಅಂದರೆ ಬೇರೆ ಅಂತ ಕಲಿಸಬಹುದು, ಯಾವುದು ಮೇಲೆ ಬರಬೇಕು ಅಂತ ನಾವೇ ಹೇಳಬಹುದು, ಪದ ಗೊತ್ತಿಲ್ಲದೆ ಸನ್ನೆ ಮಾತ್ರ ನೋಡಿದವರು ಕೈ ಆಕಾರ ಆರಿಸಿ, ಮುಷ್ಟಿಯೋ ಅಂಗೈಯೋ, ಮೈಯ ಜಾಗ ಆರಿಸಿ, ಹಣೆಯೋ ಎದೆಯೋ, ಹಾಗೂ ಹುಡುಕಬಹುದು. ಬೆಂಕಿ ಅಂದರೆ ಅಗ್ನಿ, ಹಲ್ಲು ಅಂದರೆ ದಂತ — ಅವಳ ಬೆರಳು ತಾನಾಗಿ ಮೇಜಿನ ಅಂಚಿನಲ್ಲಿ ಡೈರೆಕ್ಟರಿಯ ಹಾಳೆ ಮಗುಚುವ ಹಾಗೆ ಆಡಿತು, ಈ ವಿದ್ಯೆಯನ್ನು ತಾನು ಯಾವತ್ತೂ ಮಗಳಿಗೆ ಹೇಳಿಕೊಟ್ಟಿರಲಿಲ್ಲ.

ಅಲ್ಲಮ್ಮ, ಎಂದರು ಖಜಾಂಚಿ ಯಜಮಾನರು, ಅಂಗೈಯನ್ನು ಕಿವಿಗೆ ಆನಿಸಿಕೊಂಡೇ, ವಯಸ್ಸಾಗಿ ಕಿವಿ ಮಂದವಾದ ಮೇಲೆ ಸಂಘಕ್ಕೆ ಬಂದವರು, ನಾನು ತಡವಾಗಿ ಭರ್ತಿಯಾದ ವಿದ್ಯಾರ್ಥಿ ಅಂತ ತಾವೇ ನಗೆಯಾಡುತ್ತಾರೆ, ಅಲ್ಲಮ್ಮ, ಎಲ್ಲ ಸರಿ, ಹೊಟ್ಟೆಕಿಚ್ಚು ಮೇಲೆ ಬಂತು ಅಂತ ಪುಕ್ಕಟೆ ಸಿಗೋದನ್ನ ಬಿಡೋದಾ, ಅದನ್ನೂ ಅವರು ಸರಿಮಾಡಿಕೊಡ್ತಾರಪ್ಪ, ಕೊಡ್ತೀರಿ ತಾನೇ, ಕೊಡ್ತೀವಿ ಸರ್, ಖಂಡಿತ, ಎಂದ ಆ ಮನುಷ್ಯ, ಸುಳ್ಳು ಹೇಳುವ ಮುಖವಲ್ಲ, ಅವಳಿಗೂ ಹಾಗೇ ಅನಿಸಿತು, ಸರಿಮಾಡಿಕೊಡುತ್ತಾರೆ, ಮತ್ತೇನು, ಆಗ ಮಗಳು ಪರದೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ನಮ್ಮ ಜನ ಏನೇನು ಹುಡುಕಿದರು ಅನ್ನೋದು ಯಾರ ಹತ್ತಿರ ಉಳಿಯುತ್ತೆ. ಆತ, ಅದನ್ನ ನೋಡಿಕೊಂಡೇ ಸೇವೆ ಇನ್ನೂ ಚೆನ್ನಾಗಿ ಮಾಡೋಕಾಗೋದು ಮೇಡಂ, ಅಂದ. ಅದು ಯಾಕೆ ಅನ್ನೋದಕ್ಕೆ ಉತ್ತರ, ನಾನು ಕೇಳಿದ್ದು ಯಾರ ಹತ್ತಿರ. ದುಭಾಷಿ ಮೂಗು ಒರೆಸಿಕೊಂಡಳು, ಫ್ಯಾನು ಕಿರ್‌ಕಿರ್ ಅಂದಿತು, ಆತ, ನಮ್ಮ ಹತ್ತಿರ, ಎಂದ, ಎಲ್ಲಿಂದ ಹುಡುಕಿದರು ಅನ್ನೋದೂ ಸೇರಿ, ಪುಕ್ಕಟೆ ಕೊಡೋ ಚಂದಾದಲ್ಲಿ ಅದು ಕರಾರು, ನಾನು ಮುಚ್ಚಿಡಲ್ಲ. ಥ್ಯಾಂಕ್ಸ್, ಎಂದು ಮಗಳ ಕೈ ಗಲ್ಲದಿಂದ ಮುಂದಕ್ಕೆ ಹೋಯಿತು, ನಿಜವಾದ ಥ್ಯಾಂಕ್ಸ್, ವ್ಯಂಗ್ಯವಿಲ್ಲ, ಆಮೇಲೆ ಕೈ ನಿಧಾನವಾಯಿತು, ದನಿಯೂ ನಿಧಾನವಾಯಿತು, ಬಸುರಿ ಅಂತ ಹುಡುಕಿದವರಿದಾರೆ, ಹೊಡೆಯುತ್ತಾನೆ ಅಂತ ಹುಡುಕಿದವರಿದಾರೆ, ಯಾರಿಗೋ ಹೇಳಬೇಕು, ಹೇಗೆ ಹೇಳೋದು ಗೊತ್ತಿಲ್ಲ, ಅದಕ್ಕೆ ನಮ್ಮ ಪೆಟ್ಟಿಗೆಗೆ ಬರ್ತಾರೆ, ಅವರು ಮೊದಲು ಹೇಳೋದು ನಮಗೆ, ಅದನ್ನ ನಾವು ಇನ್ನೊಬ್ಬರಿಗೆ ಕೊಡೋದಾ, ಸಣ್ಣ ಕಂಪನಿ ಕರಾರಲ್ಲಿ ಅದು ನಮ್ಮ ಹತ್ತಿರಾನೇ ಉಳಿಯುತ್ತೆ, ನಮ್ಮ ಅಮ್ಮ ಟೆಲಿಫೋನ್ ಕಚೇರೀಲಿದ್ದರು, ಊರಲ್ಲಿ ಯಾರು ಯಾರ ನಂಬರು ಕೇಳ್ತಾರೆ ಎಲ್ಲ ಗೊತ್ತಿತ್ತು, ಊಟಕ್ಕೆ ಕೂತಾಗ ಅಪ್ಪ ಕೆಣಕಿ ಕೆಣಕಿ ಕೇಳ್ತಿದ್ದರು, ಆಗ ಅಮ್ಮನ ತುಟಿ ಹೊಲಿದ ಹಾಗೆ ಆಗ್ತಿತ್ತು, ನನಗೆ ಮಾತು ಕೇಳಿಸಲ್ಲ, ಮಾತಾಡದೆ ಇದ್ದದ್ದು ಕಾಣಿಸುತ್ತೆ, ಅದನ್ನ ನಾನು ನೋಡ್ತಾ ಬೆಳೆದೆ. ಅವಳು ಮುಂದಿದ್ದ ಕಾಗದವನ್ನು ನೆಟ್ಟಗೆ ಮಾಡಿದಳು, ಅದು ನೆಟ್ಟಗೇ ಇತ್ತು, ಹೌದು ಕೇಳುತ್ತಿದ್ದರು ಗಂಡ, ಬಸ್ ಓಡಿಸುವವರಿಗೆ ಊರ ಸುದ್ದಿ ಅಂದರೆ ಉಪ್ಪಿನಕಾಯಿ ಇದ್ದ ಹಾಗೆ, ಲೇ, ಆ ದೊಡ್ಡ ಮನುಷ್ಯ ದಿನಾ ಯಾರದೋ ನಂಬರು ಕೇಳ್ತಾನಂತೆ, ಯಾರದೇ, ಅಂತ ಅವರು, ನನ್ನ ಕಿವಿಗೆ ಬಿದ್ದದ್ದು ಬಾವಿಗೆ ಬಿದ್ದ ಹಾಗೆ ರೀ, ಅನ್ನ ಆರುತ್ತೆ, ಉಣ್ಣಿ, ಅಷ್ಟೇ ತಾನು ಅನ್ನುತ್ತಿದ್ದದ್ದು, ತಟ್ಟೆಯ ಆಚೆ ಎರಡು ಕಣ್ಣು ಇದ್ದವು, ಅನ್ನ ಕಲಸುವುದು ಬಿಟ್ಟು ನೋಡುತ್ತಿದ್ದವು, ತಿನ್ನು ತಿನ್ನು ಅಂತ ತಾನು ಗದರಿದ್ದಳು, ಆ ಮಗು ತಿನ್ನುತ್ತಿತ್ತಲ್ಲ, ಬೇರೇನನ್ನೋ ತಿನ್ನುತ್ತಿತ್ತು, ಈಗ ಗೊತ್ತಾಗುತ್ತಿದೆ. ಅಧ್ಯಕ್ಷರೇ, ಎಂದರು ಖಜಾಂಚಿಯವರು, ನೀವೇನಂತೀರಿ, ಬೆಳಿಗ್ಗೆ ಫೋನಲ್ಲಿ ದೊಡ್ಡ ಕಂಪನೀನೇ ಇರಲಿ ಅಂದ್ರಲ್ಲ. ಎಲ್ಲ ಮುಖಗಳೂ ಇತ್ತ ತಿರುಗಿದವು, ಮಗಳದೊಂದು ಬಿಟ್ಟು, ಮಗಳು ಬೇಕೆಂದೇ ಪರದೆಯ ಕಡೆ ನೋಡುತ್ತ ನಿಂತಳು, ಅಮ್ಮನನ್ನು ಒತ್ತಾಯಿಸಿದ ಹಾಗಾಗಬಾರದು ಅಂತ, ಆ ನಾಜೂಕೂ ಗೊತ್ತಿದೆ ಇವಳಿಗೆ. ಬೆಳಿಗ್ಗೆ ಅಂದಿದ್ದೆ, ಎಂದಳು ಅವಳು, ಕಚೇರಿಯ ಆ ಹಳೆಯ ದನಿ ತಾನಾಗಿ ಬಂತು, ಪ್ರತಿ ಅಕ್ಷರ ಬಿಡಿಸಿಟ್ಟ ಹಾಗೆ, ಬೆಳಿಗ್ಗೆ ಇವಳ ಮಾತನ್ನ ನಾನು ಪೂರ್ತಿ ಕೇಳಿರಲಿಲ್ಲ, ಈಗ ಕೇಳಿದೆ, ಸಣ್ಣ ಕಂಪನಿಗೆ ಚಂದಾ ಕಟ್ಟೋಣ, ಮೆಟ್ಟಿಲಿಗೆ ಸುಣ್ಣ ಹೊಡೆಸೋದನ್ನ ಮುಂದಕ್ಕೆ ಹಾಕಿದರಾಯ್ತು, ಆಗದೇ ಯಜಮಾನರೇ, ಕಿವಿ ಹಿಡಿದ ಅಂಗೈಯನ್ನು ಅವರು ಕೆಳಗಿಳಿಸಿ, ಹೊಡೆಸದಿದ್ದರೆ ಗೋಡೆ ಏನು ಅಳುತ್ಯೇ, ಎಂದರು. ಸೇರಿದವರಲ್ಲಿ ಒಬ್ಬಿಬ್ಬರು ಬಿಟ್ಟು ಎಲ್ಲರ ಕೈ ಮೇಲೆದ್ದಿತು, ತಡ ಮಾಡಿ ಖಜಾಂಚಿಯವರದೂ ಎದ್ದಿತು, ಎದ್ದ ಕೈಗಳು ಇಳಿಯದೆ ಅಲ್ಲೇ ಅಲುಗತೊಡಗಿದವು, ಇಲ್ಲಿ ಚಪ್ಪಾಳೆ ಅಂದರೆ ಹಾಗೆ, ಗಾಳಿಗೆ ಎಲೆ ಅಲುಗಿದ ಹಾಗೆ, ದೊಡ್ಡ ಕಂಪನಿಯ ಮನುಷ್ಯನೂ ಅಕ್ಕಪಕ್ಕ ನೋಡಿ ಕಲಿತು ಎರಡೂ ಕೈ ಎತ್ತಿ ಅಲುಗಿಸಿದ, ಪಾಠ ಹೇಳುವವರು ಆಸ್ಪತ್ರೆಗೆ ಅಲ್ಲೇ ಫೋನು ಹಚ್ಚಿ, ಆಗುತ್ತೆ ಮೇಡಂ, ಜಾಹೀರಾತಿಲ್ಲ, ಹೇಗೆ ಬರೆದರೂ ಸಿಗುತ್ತೆ, ಅನ್ನುವುದು ಮೂಲೆಯಿಂದ ಕೇಳಿಸಿತು, ಹಾಗಾದರೆ ಸೋಮವಾರವೇ ಹಾಕಿಸ್ತಾರಂತೆ ಎಂದು ಬಾಯಿಂದಲೂ ಕೈಯಿಂದಲೂ ಒಟ್ಟಿಗೇ ಸಾರಿದರು.

ಸಂಪಾದಕಿ ಕೊನೆಯ ಮಾತು ಹೇಳಲಿ ಅಂತ ಯಾರ ಕೈಯೋ ಅಂದಿತು, ಮಗಳು ಮತ್ತೆ ಮುಂದೆ ಬಂದಳು, ಈಗ ಗೆದ್ದ ಮುಖ, ಕೆಂಪಗಿದೆ, ಎಲ್ಲರಿಗೂ ಥ್ಯಾಂಕ್ಸ್, ಎಂದಿತು ದನಿ, ಯಜಮಾನರಿಗೆ ಹೆಚ್ಚು ಥ್ಯಾಂಕ್ಸ್, ಅವರು ಗಟ್ಟಿಯಾಗಿ ಜಗಳ ಆಡದಿದ್ದರೆ ನಾನು ಇಷ್ಟು ಓದಿಕೊಂಡು ಬರ್ತಿರಲಿಲ್ಲ, ಕೆಲಸ ಇನ್ನೂ ಇದೆ, ಕಲಿಸೋ ಪದ ಸಾವಿರ ಇದೆ, ಆದರೆ ನನಗೆ ಹೆದರಿಕೆ ಇಲ್ಲ, ಯಾಕೆ ಅಂದರೆ ನಮ್ಮ ಅಮ್ಮ — ದನಿ ನಿಂತಿತು. ಮಗಳ ಕೈ ನಿಂತಿರಲಿಲ್ಲ. ಮಡಿಸಿದ ತೋರುಬೆರಳಿನ ಗೆಣ್ಣು, ಕುತ್ತಿಗೆಯ ಕೆಳಗಿನ ಮೂಳೆಗೆ, ಎರಡು ಸಲ, ಟಕ್ ಟಕ್. ದುಭಾಷಿ ಹುಬ್ಬು ಕೂಡಿಸಿ, ಕ್ಷಮಿಸಿ, ಈ ಸನ್ನೆ ನನಗೆ ಗೊತ್ತಿಲ್ಲ, ಎಂದು ತನ್ನ ದನಿಯಲ್ಲೇ ಅಂದಳು, ಬಡಗಿ ತಲೆಯಾಡಿಸಿದ, ಅವನಿಗೂ ಗೊತ್ತಿಲ್ಲ, ಪಾಠ ಹೇಳುವವರಿಗೂ ಗೊತ್ತಿಲ್ಲ, ಹೊಸ ಪೆಟ್ಟಿಗೇಲೇ ಹುಡುಕೋಣ ಅಂತ ಅವರು ಪರದೆಗೆ ಹೋಗಿ ಮಡಿಸಿದ ಬೆರಳು ಆರಿಸಿದರು, ಎದೆಯ ಮೂಳೆ ಆರಿಸಿದರು, ಸ್ವಲ್ಪ ತಡವರಿಸಿ ಪರದೆ ಸತ್ಯವನ್ನೇ ಹೇಳಿತು, ಈ ಸನ್ನೆ ಇನ್ನೂ ಕೋಶದಲ್ಲಿಲ್ಲ. ಇರುವುದು ಹೇಗೆ, ಅದು ಒಂದೇ ಮನೆಯಲ್ಲಿ ಇದ್ದ ಸನ್ನೆ, ತನ್ನ ಅತ್ತೆ ಮಾಡಿದ್ದು, ಮಗುವಿಗೆ ಕೇಳಿಸುವುದಿಲ್ಲ ಅಂತ ಗೊತ್ತಾದ ದಿನಗಳಲ್ಲಿ ಬಂದವರೆಲ್ಲ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರು, ಗಟ್ಟಿಯಾಗಿ ಕೂಗಿ ನೋಡಿ, ಇನ್ನೂ ಗಟ್ಟಿಯಾಗಿ, ಮಗು ಮುಖಕ್ಕೆ ಬಂದ ಬಿಸಿ ಉಸಿರಿಗೆ ಬೆಚ್ಚಿ ಅಳುತ್ತಿತ್ತು, ಕೂಗದೆ ಇದ್ದವರು ಅತ್ತೆ ಒಬ್ಬರೇ, ಮಣ್ಣಿನ ಹೂಕುಂಡ ಕೊಳ್ಳುವಾಗ ಅತ್ತೆ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು, ಬಿರುಕು ಬಿಟ್ಟದ್ದರ ಸದ್ದು ಬೇರೆ, ಗಟ್ಟಿಯದರ ಸದ್ದು ಬೇರೆ, ಮಗುವಿನ ಬೆರಳು ಹಿಡಿದು ತಟ್ಟಿಸಿ, ಕುಂಡದ ಮೈಗೆ ಅದರ ಅಂಗೈ ಒತ್ತಿಸಿ ನಡುಕ ತೋರಿಸಿದರು, ಆಮೇಲೆ ಅದೇ ಗೆಣ್ಣಿನಿಂದ ಮಗುವಿನ ಎದೆಯ ಮೂಳೆಗೆ ಟಕ್ ಟಕ್, ನೋಡು, ನೀನೂ ಗಟ್ಟಿ, ಸದ್ದು ಮೂಳೆಯೊಳಗೆ ಹೋದಾಗ ಮಗು ನಕ್ಕಿತ್ತು, ಗಟ್ಟಿ ಅನ್ನುವ ಮಾತು ಕೂಗಿನಿಂದ ಬಿಡಿಸಿಕೊಂಡು ಬೇರೆಯೇ ಆಗಿತ್ತು. ಆದರೆ ಮಗಳು ಈಗ ತೋರಿಸುತ್ತಿರುವುದು ಅದನ್ನಲ್ಲ, ಅದರ ಜೊತೆ ಅಮ್ಮ ಅನ್ನುತ್ತಿದ್ದಾಳೆ, ಅಮ್ಮ, ಟಕ್ ಟಕ್, ಅದಾದದ್ದು ಒಂದೇ ಸಲ, ಗಂಡನ ಕಡೆಯ ಹಿರಿಯರೊಬ್ಬರು ತುಂಬಿದ ಮನೆಯಲ್ಲಿ ಮಗುವನ್ನು ಮೂಗಿ ಬಾ ಇಲ್ಲಿ ಅಂತ ಕರೆದಾಗ ತಾನು ಕೈಲಿದ್ದ ತಟ್ಟೆ ಕೆಳಗಿಟ್ಟು, ಅವಳ ಹೆಸರು ಅದಲ್ಲ ಮಾವ, ಹೆಸರು ಹಿಡಿದು ಕರೆಯೋಕೆ ಆಗದಿದ್ದರೆ ಈ ಮನೇಲಿ ಯಾರನ್ನೂ ಕರೀಬೇಡಿ, ಅಂದದ್ದು, ಗಂಡ ಚಾವಣಿ ನೋಡಿದರು, ಅಡುಗೆಮನೆಗೆ ಬಂದು ನಿಂತಾಗ ಅತ್ತೆ ಹಿಂದೆಯೇ ಬಂದಿದ್ದರು, ಬೈಯುತ್ತಾರೆ ಅಂದುಕೊಂಡಿದ್ದಳು, ಬೈಯಲಿಲ್ಲ, ಹತ್ತಿರ ಬಂದು, ತೋರುಬೆರಳು ಮಡಿಸಿ, ಸೊಸೆಯ ಎದೆಯ ಮೂಳೆಗೆ — ಬಾಗಿಲಲ್ಲಿ ಮಗು ಇತ್ತೇ, ಇತ್ತು, ಹಾಗಾದರೆ ಇತ್ತು, ಸೆರಗಿನ ಮರೆಯಲ್ಲೋ ಬಾಗಿಲ ಮರೆಯಲ್ಲೋ ನಿಂತು ನೋಡಿತ್ತು. ಇಡೀ ಕೋಣೆ ಇತ್ತ ತಿರುಗಿದೆ, ಅಧ್ಯಕ್ಷರೇ, ನಿಮಗೆ ಗೊತ್ತಿರಬೇಕಲ್ಲ, ಎಂದಳು ದುಭಾಷಿ, ಇವರು ನಿಮ್ಮನ್ನ ಏನು ಅಂತಿದಾರೆ. ಗೊತ್ತು, ಪದವೂ ಗೊತ್ತು, ಅತ್ತೆ ಆಮೇಲೆ ಬಾಯಿಬಿಟ್ಟು ಒಂದೇ ಸಲ ಆಡಿದ ಪದ, ಗಟ್ಟಿಗಿತ್ತಿ, ಅದನ್ನು ತನ್ನ ಬಾಯಿಂದ ತಾನೇ ತನಗೆ ಹೇಳಿಕೊಳ್ಳಬೇಕು, ಇಷ್ಟು ಜನರೆದುರು, ಮಗಳ ಮಾತನ್ನು ಒಂದು ಹನಿಯೂ ತೊಳೆಯದೆ, ಗಟ್ಟಿ, ಎಂದಳು, ಮೆಲ್ಲಗೆ, ಪದದ ಅರ್ಧ ಮಾತ್ರ, ಖಜಾಂಚಿ ಯಜಮಾನರು ಅಂಗೈಯನ್ನು ಕಿವಿಗೆ ತಂದು, ಗಟ್ಟಿಯಾಗಿ ಹೇಳಮ್ಮ, ಕೇಳಿಸ್ತಿಲ್ಲ, ಎಂದರು, ಮಗಳು ನಗುತ್ತಿದ್ದಾಳೆ, ಕಪ್ಪು ಅಂಗಿಯ ಮೇಲೆ ಆ ಮಡಿಸಿದ ಬೆರಳು, ಬೆಳ್ಳಗೆ ಎದ್ದ ಗೆಣ್ಣು, ಮೂಳೆಗೆ ಎರಡು ಸಲ, ಬಿಟ್ಟು, ಮತ್ತೆ ಎರಡು ಸಲ